ಪಡುವಣ ತಿರುಗಿದ ಬಸ್ಸು

ಬೇಲೇಕೇರಿ, ಅಂಕೋಲಾ ತಾಲೂಕು
ಮೇ ೨೮, ೨೦೨೫, ಬುಧವಾರ

ದೀಕ್ಷಾಳ ಪಪ್ಪನಿಗೆ ಪ್ರಗತಿಯ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಸೊಂಟದ ನೋವು ಈಗ ಹೇಗಿದೆ? ಹಡಗಿನ ಅಡುಗೆಯವನು ಈಗಲಾದರೂ ಸಾರಿಗೆ ಹುಳಿ ಹಾಕುವುದನ್ನು ಕಲಿತನೋ, ಇಲ್ಲ ಇನ್ನೂ ಟೊಮೆಟೊ ನೀರನ್ನೇ ಸಾರು ಎಂದು ಬಡಿಸುತ್ತಿದ್ದಾನೋ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮ ಆಯಿಯ ಮೊಣಕಾಲು ಮಳೆ ಬರುವ ಮೊದಲು ಬಹಳ ನೋಯುತ್ತಿತ್ತು, ಮಳೆ ಬಂದ ಮೇಲೆ ತಣ್ಣಗಾಗಿದೆ. ಸುದ್ದಿ ಮುಟ್ಟಿಸುವುದಷ್ಟೇ ತನ್ನ ಕೆಲಸ ಎಂದು ಅದು ತಿಳಿದುಕೊಂಡಂತಿದೆ. ಮಳೆ ಈ ವರ್ಷ ಜೂನ್ ತನಕ ಕಾಯಲಿಲ್ಲ, ಮೇ ತಿಂಗಳಲ್ಲೇ ಬಂದು ಕೂತಿತು. ದೀಕ್ಷಾ ಬೆಳಗಾವಿಯ ನರ್ಸಿಂಗ್ ಹಾಸ್ಟೆಲಿನಲ್ಲಿ ಸುಖವಾಗಿದ್ದಾಳೆ. ಮೀನಿಲ್ಲದೆ ಊಟ ಸೇರುವುದಿಲ್ಲ ಎಂದು ವಾರಕ್ಕೊಮ್ಮೆ ಅಳುವುದು, ಮಾರನೆಯ ದಿನ ಗೆಳತಿಯರ ಜೊತೆ ಕುಂದಾ ತಿನ್ನುವ ಫೋಟೋ ಕಳಿಸುವುದು, ಎರಡೂ ತಪ್ಪದೆ ನಡೆದಿದೆ. ಹಾರವಾಡದ ಕಿಶೋರ ನಾಳೆ ಗೋವೆಯಿಂದ ವಿಮಾನ ಹತ್ತಿ ನಿಮ್ಮ ಹಡಗಿಗೇ ಬಂದು ಸೇರುತ್ತಾನಂತೆ. ಅವನ ಕೈಯಲ್ಲಿ ಈ ಪತ್ರ, ಒಣ ಸೀಗಡಿ ಚಟ್ನಿ ಪುಡಿ ಮತ್ತು ಆಯಿ ಹಾಕಿದ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಉಪ್ಪಿನಕಾಯಿಯನ್ನು ಎಲ್ಲರಿಗೂ ಹಂಚಿ ದೊಡ್ಡವರಾಗಬೇಡಿ, ನಿಮಗೆಂದೇ ಹಾಕಿದ್ದು.

ಇಷ್ಟುದ್ದ ಬರೆಯುವ ಬದಲು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನನ್ನ ಪ್ರಶ್ನೆ ನಿಮ್ಮನ್ನು ಮುಟ್ಟುವಷ್ಟರಲ್ಲಿ ನೀವು ಅದರ ಹಿಂದಿನ ಪ್ರಶ್ನೆಗೆ ಹೂಂ ಎಂದಿರುತ್ತೀರಿ. ಆಮೇಲೆ ‘ಮತ್ತೆಂತ?’ ಎನ್ನುತ್ತೀರಿ, ಅಲ್ಲಿಗೆ ನೆಟ್ ಹೋಗುತ್ತದೆ. ಹೋದ ತಿಂಗಳು ಹಾಗೇ ಆಯಿತು. ಮೇ ಕೊನೆಗೆ ಬರುತ್ತೀರೆಂದು ನಾನು ಹಾಸಿಗೆ ದಿಂಬುಗಳನ್ನೆಲ್ಲ ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೆ. ನೀವು ಆಗಸ್ಟ್‌ವರೆಗಿನ ಕೆಲಸಕ್ಕೆ ಸಹಿ ಹಾಕಿ, ಹಾಕಿದ ಮೇಲೆ ನನಗೆ ಹೇಳಿದಿರಿ. ‘ಆಗಸ್ಟಿಗೆ ಖಂಡಿತ’ ಎಂದಿರಿ. ಇಂಥ ಖಂಡಿತಗಳನ್ನು ಮೊದಲೂ ಕೇಳಿದ್ದೇನೆ. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಸಹಿ ಹಾಕಿದ್ದಕ್ಕಲ್ಲ, ಹಾಕುವ ಮೊದಲು ‘ಎಂತ ಮಾಡ್ವ?’ ಎಂದು ಒಂದು ಮಾತು ಕೇಳಲಿಲ್ಲವಲ್ಲ, ಅದಕ್ಕೆ.

ಸಿಟ್ಟಿಗಿಂತ ಹೆಚ್ಚಿಗೆ ಇರುವುದು ಹೊಟ್ಟೆಕಿಚ್ಚು, ಅದನ್ನೂ ಹೇಳಿಬಿಡುತ್ತೇನೆ. ನೀವು ಎಷ್ಟು ಬಂದರು ನೋಡಿದ್ದೀರಿ! ಅಲ್ಲಿಯ ಹೆಂಗಸರು ಮೀನು ಮಾರುತ್ತಾರೆಯೇ, ತಲೆಯ ಮೇಲೆ ಬುಟ್ಟಿ ಹೊರುತ್ತಾರೆಯೇ, ಅಲ್ಲಿಯೂ ಕಾಗೆ ಇದೆಯೇ, ಇದ್ದರೆ ನಮ್ಮ ಕಾಗೆಯ ಹಾಗೆಯೇ ಕೂಗುತ್ತದೆಯೇ ಎಂದು ನಾನು ಕೇಳಿದರೆ ನಿಮ್ಮ ಉತ್ತರ ಯಾವಾಗಲೂ ಒಂದೇ: ‘ಎಂತ ಇಲ್ಲೆ ಮಾರಾಯ್ತಿ, ನೀರೇ ನೀರು.’ ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ದೇಶ ಸುತ್ತಿದವರು ಹೀಗೆ ಹೇಳಿದರೆ ಕೋಶ ಓದುವವರ ಗತಿ ಏನು? ಮದುವೆಯಾದಾಗಿನಿಂದ ‘ಮುಂದಿನ ರಜೆಗೆ ಎಲ್ಲಾದ್ರೂ ಹೋಗ್ವ’ ಎನ್ನುತ್ತಿದ್ದೀರಿ. ರಜೆ ಬಂದಾಗ ಒಮ್ಮೆ ಹಂಚು ಹೊದೆಸುವುದಿರುತ್ತದೆ, ಒಮ್ಮೆ ಯಾರದೋ ಮದುವೆ ಇರುತ್ತದೆ. ನಾನು ಬೆಳಗಾವಿ ಕಂಡದ್ದು ದೀಕ್ಷಾಳನ್ನು ಹಾಸ್ಟೆಲಿಗೆ ಬಿಡಲು ಹೋದಾಗ, ಅದೂ ಬಸ್ಸಿನ ಕಿಟಕಿಯಿಂದ. ಘಟ್ಟ ಹತ್ತಿದ ಮೇಲೆ ನೆಲ ಇದ್ದಕ್ಕಿದ್ದಂತೆ ಅಗಲವಾಯಿತು, ಅದನ್ನು ಇಳಿದು ನೋಡಬೇಕೆಂದು ಆಸೆಯಾಗಿತ್ತು. ಬಸ್ಸು ನಿಲ್ಲಲಿಲ್ಲ, ಹಾಗೇ ಬಂದೆ.

ಈಗ ಸುದ್ದಿಗೆ ಬರುತ್ತೇನೆ. ಅವರ್ಸಾದ ಹೆದ್ದಾರಿ ಪಕ್ಕದ ನಮ್ಮ ತಾಡಪತ್ರಿ ಅಂಗಡಿಗೆ ಮೇ ತಿಂಗಳೆಂದರೆ ಉಸಿರಾಡಲು ಬಿಡುವಿಲ್ಲದ ಕಾಲ. ಜೂನ್ ಹುಟ್ಟಿದರೆ ಮೀನುಗಾರಿಕೆ ಬಂದ್, ದಡ ಹತ್ತುವ ಬೋಟುಗಳಿಗೆಲ್ಲ ಹೊದಿಕೆ ಆಗಬೇಕು. ಆಯಿ ಅಂಚು ಮಡಿಸಿ ಕೊಡುತ್ತಿದ್ದರು, ನಾನು ಮೆಷಿನ್ ತುಳಿಯುತ್ತಿದ್ದೆ. ಆಗ ಅಂಗಡಿಯ ಎದುರು ಒಂದು ಹಳೆಯ ಬಸ್ಸು ಬಂದು ನಿಂತಿತು. ಅದರ ಕಿಟಕಿಗೆ ಹೂವಿನ ಪರದೆ! ಡ್ರೈವರ್ ಇಳಿದು ಬಂದು, ಮಳೆಗೆ ಹೊದಿಕೆ ಬೇಕಿತ್ತು ಎಂದರು. ಬಸ್ಸಿಗೆ ತಗಡಿನ ಮಾಡು ಇದೆಯಲ್ಲ, ಮತ್ತೆಂಥ ಹೊದಿಕೆ ಎಂದೆ. ಅವರು ಒಳಗೆ ಹೋಗಿ ಒಂದು ಗುಂಡಿ ಒತ್ತಿದರು. ಗುರ್ರ್ ಎಂದು ಸದ್ದಾಯಿತು. ನೋಡುತ್ತಿದ್ದಂತೆ ಬಸ್ಸಿನ ಬಲಗಡೆಯ ಗೋಡೆಯೇ ಹೊರಗೆ ಬರತೊಡಗಿತು, ಬೆಂಕಿಪೊಟ್ಟಣದ ಒಳಗಿನ ಡಬ್ಬಿ ತಳ್ಳಿದಂತೆ. ಇಣುಕಿದರೆ ಒಳಗೆ ಹಾಸಿಗೆ, ದಿಂಬು, ಗೋಡೆಗೆ ಗಡಿಯಾರ. ಎಡಗಡೆಯಿಂದ ಇನ್ನೊಂದು ಚಿಕ್ಕದು ಬಂತು, ಅದರಲ್ಲಿ ಒಲೆ, ಕೂರುವ ಬೆಂಚು. ಆಯಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಎದ್ದೇ ಬಿಟ್ಟರು. ‘ಅದ್ಯಂತದೇ! ಮನೆ ಹೊಟ್ಟೆಯಿಂದ ಮನೆ ಬತ್ತದೆ!’ ಎಂದರು.

ಆ ಡ್ರೈವರ್ ನಾಗಣ್ಣ ಅದಕ್ಕೆ ಸ್ಲೈಡ್ ಎನ್ನುತ್ತಾರೆ. ಆಯಿ ನೋಡಿದ ಕೂಡಲೆ ಖಾನೆ ಎಂದು ಹೆಸರಿಟ್ಟರು, ಮೇಜಿಗೆ ಇರುತ್ತದಲ್ಲ, ಹಾಗೆ. ಈಗ ಎಲ್ಲರೂ ಖಾನೆ ಎಂದೇ ಕರೆಯುತ್ತಿದ್ದೇವೆ, ನಾಗಣ್ಣನೂ ಸಹ. ಅವರು ಯಾರೆಂದು ಹೇಳಲೇ ಇಲ್ಲ ನೋಡಿ. ಕೈಗಾದಲ್ಲಿ ಕಂಪನಿ ಬಸ್ಸಿನ ಡ್ರೈವರ್ ಆಗಿದ್ದವರು, ಈಗ ನಿವೃತ್ತರು. ಕೆಲಸಕ್ಕೆ ಸೇರಿದಾಗಿನಿಂದ ಬಿಡುವವರೆಗೂ ಕಾರವಾರ-ಕೈಗಾ, ಕೈಗಾ-ಕಾರವಾರ, ಅದೊಂದೇ ರಸ್ತೆ. ‘ಕದ್ರಾ ದಾಟೂವಾಗ ಯಾವ ತಿರುವಿಗೆ ಯಾರ ನಿದ್ದೆ ಹೋತದೆ ಅಂತ ಹೇಳ್ವೆ, ಆದ್ರೆ ಹುಬ್ಬಳ್ಳಿಗೆ ಹೋಗುಕೆ ದಾರಿ ಕೇಳ್ಬೇಕು’ ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಾರೆ. ಅವರ ಹೆಂಡತಿ ದುರ್ಗಕ್ಕ ಹಿಲ್ಲೂರಿನ ಮಗಳು, ಕಾಡಿನೊಳಗಿನ ಊರು. ದುರ್ಗಕ್ಕನಿಗೆ ಇರುವ ಆಸೆ ಏನು ಗೊತ್ತೇ? ಜುಲೈ ತಿಂಗಳಲ್ಲಿ ಬಟ್ಟೆ ಒಣಗುವ ಊರು ನೋಡಬೇಕು. ತಾಜಮಹಲೂ ಬೇಡ, ಕಾಶಿಯೂ ಬೇಡ. ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿದು ಅರ್ಧ ಒಣಗಿದ ಸೀರೆ ಉಟ್ಟು ಆಯುಷ್ಯ ಕಳೆಯಿತು, ಆಷಾಢದಲ್ಲಿ ಬಿಸಿಲಿಗೆ ಸೀರೆ ಹರವಿ ಅದು ಸಂಜೆಯೊಳಗೆ ಗರಿಗರಿ ಆಗುವುದನ್ನು ಕಣ್ಣಾರೆ ಕಾಣಬೇಕು ಎನ್ನುತ್ತಾರೆ. ಬಾಗಲಕೋಟೆ, ವಿಜಯಪುರದ ಕಡೆ ಹಾಗೆ ಆಗುತ್ತದೆ ಎಂದು ನಾಗಣ್ಣನಿಗೆ ಯಾರೋ ಹೇಳಿದ್ದಾರೆ. ಅದಕ್ಕಾಗಿ ಹಳೆಯ ಬಸ್ಸು ಕೊಂಡು, ಕೊಲ್ಲಾಪುರದ ಕಡೆ ಬಾಡಿ ಕಟ್ಟುವವರ ಹತ್ತಿರ ಖಾನೆ ಮಾಡಿಸಿಕೊಂಡು ಬಂದಿದ್ದರು. ಕೇಳಿದ ಮೇಲೆ ನಾನು ಆ ಹೆಂಗಸನ್ನು ಪ್ರೀತಿಸದೆ ಇರುವುದು ಹೇಗೆ ಹೇಳಿ.

ಎಲ್ಲರ ಮನೆ ದೋಸೆಯೂ ತೂತೇ, ಗಾಲಿ ಇದ್ದ ಮನೆಗೂ ಸೋರಿಕೆ ತಪ್ಪಲಿಲ್ಲ. ಬಸ್ಸಿನ ಮಾಡು ಗಟ್ಟಿಯಾಗಿಯೇ ಇದೆ. ಆದರೆ ಖಾನೆ ಹೊರಗೆ ಬಂದಾಗ ಅದಕ್ಕೆ ತನ್ನದೇ ಒಂದು ಚಪ್ಪಟೆ ತಲೆ ಇರುತ್ತದಲ್ಲ, ಮಳೆನೀರು ಅಲ್ಲಿ ನಿಲ್ಲುತ್ತದೆ. ಮಾರನೆಯ ದಿನ ಗುಂಡಿ ಒತ್ತಿ ಒಳಗೆ ಎಳೆದುಕೊಂಡರೆ ಆ ನೀರೂ ಮನೆಯೊಳಗೆ ಬರುತ್ತದೆ. ಒಂದು ಭಾನುವಾರ ಕಾರವಾರದ ಕಡಲತೀರದಲ್ಲಿ ಗಾಳಿಮರದ ಕೆಳಗೆ ನಿಲ್ಲಿಸಿದ್ದರಂತೆ. ಆ ಸೂಜಿಯಂಥ ಎಲೆಗಳು ರಬ್ಬರಿನ ಸಂದಿಯಲ್ಲೆಲ್ಲ ಸಿಕ್ಕಿಕೊಂಡು, ನೀರು ತಡೆಯಬೇಕಾದ ರಬ್ಬರೇ ನೀರಿಗೆ ದಾರಿ ಬಿಟ್ಟಿತ್ತು. ಖಾನೆಯ ತಲೆಯ ಮೇಲೆ ಒಂದು ಹೊದಿಕೆ ಬೇಕು. ಬರೀ ಕಟ್ಟಿ ಬಿಟ್ಟರೆ ಆಗುವುದಿಲ್ಲ. ಖಾನೆ ಹೊರಗೆ ಬಂದಾಗ ತಾನೂ ಬಂದು, ಒಳಗೆ ಹೋದಾಗ ತಾನೂ ಹೋಗಬೇಕು, ಯಾರೂ ಏಣಿ ಹತ್ತಬಾರದು. ಬೋಟಿಗೆ ಹೊಲಿದಿದ್ದೇನೆ, ರಿಕ್ಷಾಗಳ ಹುಡ್ ಹೊಲಿದಿದ್ದೇನೆ, ನಡೆದು ಹೋಗಿ ನಡೆದು ಬರುವ ಬಟ್ಟೆಯನ್ನು ಯಾವತ್ತೂ ಹೊಲಿದಿರಲಿಲ್ಲ. ಅನ್ನ ಬಾಗಿಸುವಾಗಲೂ ಅದೇ ಯೋಚನೆ, ಗಂಜಿಯೆಲ್ಲ ಕಾಲ ಮೇಲೆ ಬೀಳುವುದೊಂದು ಬಾಕಿ.

ಉತ್ತರ ಸಿಕ್ಕಿದ್ದು ಸಂಜೆ ಅಂಗಡಿ ಮುಚ್ಚುವಾಗ. ಶಟರ್ ಎಳೆದೆ, ಅರ್ಧ ಬಂದದ್ದು ಕೈ ಜಾರಿ ಸರ್ರನೆ ಮೇಲೆ ಹೋಗಿ ಸುತ್ತಿಕೊಂಡಿತು. ಅಲ್ಲಿಯೇ ನಿಂತೆ. ಇನ್ನೊಮ್ಮೆ ಎಳೆದೆ, ಬಿಟ್ಟೆ. ಮತ್ತೊಮ್ಮೆ ಎಳೆದೆ. ಪಕ್ಕದ ಚಹದಂಗಡಿಯವರು ನನಗೆ ಏನೋ ಆಗಿದೆ ಎಂದುಕೊಂಡಿರಬೇಕು. ಶಟರಿನ ಒಳಗೆ ಸ್ಪ್ರಿಂಗ್ ಇರುತ್ತದಲ್ಲ! ಬಸ್ಸಿನ ಗೋಡೆಗೆ ಮೇಲ್ಗಡೆ ಸ್ಪ್ರಿಂಗ್ ಇರುವ ಒಂದು ಪೈಪು, ಅದಕ್ಕೆ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ಖಾನೆಯ ಹೊರ ಅಂಚಿಗೆ ಕಚ್ಚಿಸಿದರೆ ಆಯಿತು. ಖಾನೆ ಹೊರಗೆ ಹೋದರೆ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ, ಒಳಗೆ ಬಂದರೆ ಪೈಪು ತಾನೇ ಸುತ್ತಿಕೊಳ್ಳುತ್ತದೆ. ಕಾರವಾರದಿಂದ ಶಟರ್ ರಿಪೇರಿಯ ರೂಪೇಶನನ್ನು ಕರೆಸಿದೆ. ಅವನು ಬಸ್ಸು ನೋಡಿ ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ, ಆಮೇಲೆ ಎರಡು ದಿನ ಅವನನ್ನು ಮನೆಗೆ ಕಳಿಸುವುದೇ ಕಷ್ಟವಾಯಿತು. ಸ್ಪ್ರಿಂಗನ್ನು ಹೆಚ್ಚು ತಿರುಗಿಸಿದರೆ ಬಟ್ಟೆ ಹರಿಯುತ್ತದೆ, ಕಡಿಮೆ ತಿರುಗಿಸಿದರೆ ಗಾಳಿಗೆ ಪಟಪಟ ಹೊಡೆಯುತ್ತದೆ. ಸರಿಯಾದ ಬಿಗಿ ಸಿಕ್ಕಿದಾಗ ಬಟ್ಟೆಯ ಮೇಲೆ ಬೆರಳಿನಿಂದ ಬಡಿದು ಸದ್ದು ಕೇಳಿಸಿದ, ಗುಮಟೆಯ ಚರ್ಮಕ್ಕೆ ಬಡಿದಂತೆ ಇತ್ತು.

ಇನ್ನು ಮುಂದಿನದನ್ನು ಓದಿ ನೀವು ನಗಬಹುದು, ಅಪ್ಪಣೆ ಇದೆ. ಹೊಳೆಗೆ ಸುರಿದರೂ ಅಳೆದು ಸುರಿ ಎಂದು ನಾನು ಟೇಪು ಹಿಡಿದು ಬಸ್ಸಿನ ಸುತ್ತ ತಿರುಗುತ್ತಿದ್ದಾಗ ಆಯಿ ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿದರು: ‘ಪಡುಬದಿ ಯಾವ್ದು?’ ಮಳೆ ಬರುವುದು ಕಡಲ ಕಡೆಯಿಂದ. ನಾವು ತೆಂಗಿನ ಮಡಲಿನ ತಟ್ಟಿ ಕಟ್ಟುವುದು ಪಡುವಣ ಜಗಲಿಗೆ, ಮಾಡು ಇಳಿಸಿ ಕಟ್ಟುವುದು ಪಡುವಣಕ್ಕೆ, ಮೂಡುಬದಿಗೆ ಯಾರೂ ಗೋಣಿಚೀಲವನ್ನೂ ಕಟ್ಟುವುದಿಲ್ಲ. ಬಸ್ಸು ಕಾರವಾರದ ಕಡೆ ಮೂತಿ ಮಾಡಿ ನಿಂತಿತ್ತು, ಆದ್ದರಿಂದ ಎಡಗಡೆ ಕಡಲು. ‘ಒಲೆಯ ಖಾನೆ ಪಡುವಣ ಆಯ್ತು’ ಎಂದು ನಾಗಣ್ಣ ಹೇಳಿದರು. ಒಲೆಯ ಖಾನೆಗೆ ಬೋಟಿಗೆ ಹಾಕುವ ದಪ್ಪ ತಾಡಪತ್ರಿಯನ್ನೇ ಹಾಕಿ ಎರಡು ಹೊಲಿಗೆ ಹಾಕಿದೆ. ಬಲಗಡೆಯ ಹಾಸಿಗೆಯ ಖಾನೆ ಮೂಡುಬದಿ, ಅಲ್ಲಿ ಎಲೆ ತಡೆದರೆ ಸಾಕಲ್ಲ ಎಂದು ನರ್ಸರಿಯವರು ಹಾಕುವ ಹಸಿರು ಬಲೆ ಹಾಕಿದೆ. ನಾಗಣ್ಣ ತಲೆಯಾಡಿಸಿದರು, ದುರ್ಗಕ್ಕ ತಲೆಯಾಡಿಸಿದರು, ರೂಪೇಶ ‘ಪಡುಬದಿಗೆ ಸ್ಪ್ರಿಂಗ್ ಸ್ವಲ್ಪ ಬಿಗೀನೆ ಇರ್ಲಿ’ ಎಂದು ಬುದ್ಧಿವಂತಿಕೆ ಸೇರಿಸಿದ. ಇಷ್ಟು ಜನ ಸೇರಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ನಿಮಗೆ ಈಗಾಗಲೇ ಹೊಳೆದಿರಬಹುದು, ಹಡಗಿನ ಮೇಲೆ ಇರುವವರು.

ಮೊದಲ ದೊಡ್ಡ ಮಳೆ ಬಂದ ಮಾರನೆಯ ಬೆಳಿಗ್ಗೆ ದುರ್ಗಕ್ಕನ ಫೋನು. ಇಬ್ಬರೂ ಪರೀಕ್ಷೆಗೆಂದು ಕಾರವಾರದಲ್ಲಿ ಕಡಲ ಹತ್ತಿರ ನೆಂಟರೊಬ್ಬರ ಹಿತ್ತಿಲಲ್ಲಿ ಬಸ್ಸು ನಿಲ್ಲಿಸಿ ಮಲಗಿದ್ದರು. ‘ಪ್ರಗತೀ, ಪಡುವಣ ತಿರುಗಿ ಬಿಟ್ಟದೆ ಮಾರಾಯ್ತಿ! ಹಾಸ್ಗೆ ಪೂರಾ ಒದ್ದೆ!’ ಎಂದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದದ್ದು ಏನೆಂದರೆ, ಹಾಸಿಗೆಯಲ್ಲಿ ದಿಂಬು ಇಡುವುದು ಡ್ರೈವರಿನ ಕಡೆಗೆ, ಕಾಲಿನ ಕಡೆ ಬಚ್ಚಲು. ಹಿತ್ತಿಲಲ್ಲಿ ಬಸ್ಸು ಉತ್ತರಕ್ಕೆ ಮೂತಿ ಮಾಡಿ ನಿಂತಿತ್ತು. ಮಲಗಲು ಹೋದ ದುರ್ಗಕ್ಕ ಎದ್ದು ಕೂತರಂತೆ, ತಲೆ ಉತ್ತರಕ್ಕೆ ಆಗುತ್ತದೆ, ಸತ್ತವರನ್ನು ಮಲಗಿಸಿದ ಹಾಗೆ, ನಾನು ಮಲಗುವುದಿಲ್ಲ ಎಂದು. ದಿಂಬು ಆಚೆ ಹಾಕಿಕೋ ಎಂದರೆ ಬಚ್ಚಲ ಕಡೆ ತಲೆ ಹಾಕುವುದಿಲ್ಲ ಎಂದರು. ನಾಗಣ್ಣ ‘ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರೆ, ಇಲ್ಲಿ ಒಲ್ಲದ ಹೆಂಡತಿಗೆ ದಿಂಬಲ್ಲಿ ಕಲ್ಲು’ ಎಂದು ಗೊಣಗುತ್ತ ಬಸ್ಸನ್ನೇ ಹಿಂದೆ ಮುಂದೆ ಮಾಡಿ ದಕ್ಷಿಣಕ್ಕೆ ತಿರುಗಿಸಿದರು. ತಲೆ ದಕ್ಷಿಣಕ್ಕೆ ಬಂತು, ಶಾಸ್ತ್ರ ಉಳಿಯಿತು. ಒಲೆಯ ಖಾನೆ ದಪ್ಪ ತಾಡಪತ್ರಿ ಹೊದ್ದು ಮೂಡಲಿಗೆ ಬೆಚ್ಚಗೆ ಕೂತಿತು, ಹಸಿರು ಬಲೆ ಹೊದ್ದ ಹಾಸಿಗೆ ಕಡಲಿಗೆ ಎದುರಾಯಿತು. ಎಲೆ ಮಾತ್ರ ಒಂದೂ ಬೀಳಲಿಲ್ಲವಂತೆ.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಯಿ ತಲೆಗೆ ಕೈ ಹಚ್ಚಿ, ‘ಮನೆ ತಿರುಗ್ತದೆ ಅಂತ ಯಾರ್ಗೆ ಗೊತ್ತಿ‌ತ್ತೇ!’ ಎಂದರು. ನಕ್ಕು ಮುಗಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆಗೆ, ಪಕ್ಕದ ಮನೆಗೆ, ನನ್ನ ತವರಿಗೆ, ಎಲ್ಲಕ್ಕೂ ಪಡುವಣ ಒಂದೇ ಕಡೆ ಇದೆ. ನಾನು ಹುಟ್ಟಿದಾಗಿನಿಂದ ಕಡಲು ನನ್ನ ಒಂದೇ ಮಗ್ಗುಲಲ್ಲಿದೆ. ಅಂಗಡಿಗೆ ಹೋಗುವಾಗ ಎಡಗಡೆ, ಬರುವಾಗ ಬಲಗಡೆ, ಅಷ್ಟೇ ಬದಲಾವಣೆ. ನಾನು ಯಾವತ್ತಾದರೂ ಕಡಲು ಎಲ್ಲಿದೆ ಎಂದು ಗೊತ್ತಾಗದ ಜಾಗದಲ್ಲಿ ನಿಂತಿದ್ದೇನೆಯೇ? ಬೆಳಗಾವಿಯಲ್ಲಿ ಕೂಡ ಕಿಟಕಿಯ ಹೊರಗೆ ನೋಡುತ್ತ ಕಡಲು ಈ ಕಡೆ ಇರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ನಿಮಗೆ ಹೇಗಾಗುತ್ತದೆ? ಹಡಗಿನಲ್ಲಿ ನೀವು ಮಲಗುವಾಗ ದಕ್ಷಿಣಕ್ಕೆ ಇದ್ದ ತಲೆ ಏಳುವಾಗ ಉತ್ತರಕ್ಕೆ ಆಗಿದ್ದರೆ ದೋಷ ಯಾರಿಗೆ, ನಿಮಗೋ ಕ್ಯಾಪ್ಟನ್‌ಗೋ? ಇದಕ್ಕೆ ‘ನೀರೇ ನೀರು’ ಎಂದು ಉತ್ತರ ಬರೆಯಬೇಡಿ.

ಬಸ್ಸು ಮತ್ತೆ ಅಂಗಡಿಗೆ ಬಂತು. ಈಗ ಎರಡೂ ಬದಿಗೆ ದಪ್ಪ ತಾಡಪತ್ರಿಯನ್ನೇ ಹಾಕಿದೆ. ಗಾಲಿ ಇದ್ದ ಮನೆಗೆ ನಾಲ್ಕೂ ದಿಕ್ಕು ಪಡುವಣವೇ ಎಂದು ಗೊತ್ತಾಗಿತ್ತಲ್ಲ. ರೂಪೇಶ ಬಸ್ಸಿನ ಮಾಡು ಹತ್ತಿ ಕೊಡಗಟ್ಟಲೆ ನೀರು ಸುರಿದ. ಒಲೆಯ ಖಾನೆ ಚಿಕ್ಕದು, ನೀರು ಜಾರಿ ಹೋಯಿತು. ಹಾಸಿಗೆಯ ಖಾನೆ ಉದ್ದ, ನಡುವೆ ಬಟ್ಟೆ ಜೋತುಬಿದ್ದು ನೀರು ಕೆರೆಯಾಯಿತು. ಬಿಗಿ ಹೆಚ್ಚಿಸಿದರೆ ಹೊಲಿಗೆ ಬಿಡುತ್ತದೆ. ಒಳಗಿನಿಂದ ನಡುವೆ ಎತ್ತಿ ಹಿಡಿಯಲು ಏನಾದರೂ ಬೇಕು, ಆದರೆ ಖಾನೆ ಒಳಗೆ ಹೋಗುವಾಗ ಅದು ಅಡ್ಡ ಬರಬಾರದು. ಆಯಿ ಹೋಗಿ ಬಲೆಯನ್ನು ನೀರಿನ ಮೇಲೆ ತೇಲಿಸುವ ಬೆಂಡುಗಳ ಒಂದು ಸರ ತಂದರು, ಮಾಂವನ ಹಳೆಯ ಬಲೆಯದು, ಮೂಲೆಯಲ್ಲಿ ಬಿದ್ದಿತ್ತು. ಹಗ್ಗಕ್ಕೆ ಪೋಣಿಸಿದ ಆ ಬೆಂಡುಗಳನ್ನು ಬಟ್ಟೆಯ ಕೆಳಗೆ ನಡುವೆ ಸಾಲಾಗಿ ಇಟ್ಟರೆ ಬಟ್ಟೆಗೆ ಬೆನ್ನು ಬರುತ್ತದೆ, ನೀರು ಎರಡೂ ಕಡೆ ಇಳಿಯುತ್ತದೆ. ಹೊರಡುವಾಗ ಒಂದು ತುದಿ ಹಿಡಿದು ಎಳೆದರೆ ಇಡೀ ಸರ ಹೊರಗೆ ಬರುತ್ತದೆ, ಆಮೇಲೆ ಗುಂಡಿ ಒತ್ತಬಹುದು. ಅಂದೇ ಸಂಜೆ ಮಳೆ ಬಂತು, ನಮ್ಮ ಮೇ ತಿಂಗಳ ಗುಡುಗಿನ ಮಳೆಯಲ್ಲ, ನೇರ ಆಷಾಢದ್ದು. ನಾವು ಐದೂ ಜನ ಹಾಸಿಗೆಯ ಖಾನೆಯಲ್ಲಿ ಒತ್ತೊತ್ತಾಗಿ ಕೂತು ಮೇಲೆ ನೋಡುತ್ತಿದ್ದೆವು. ದುರ್ಗಕ್ಕ ದಿಂಬನ್ನು ಮಗುವಿನಂತೆ ಎದೆಗೆ ಅವಚಿಕೊಂಡಿದ್ದರು. ಒಂದು ಹನಿಯೂ ಬೀಳಲಿಲ್ಲ.

ನನಗೆ ಎಷ್ಟು ಸಂತೋಷವಾಯಿತು ಎಂದರೆ, ಕಣ್ಣಲ್ಲಿ ನೀರು ಬಂತು. ಹೊಲಿದ ಕೆಲಸ ಗೆದ್ದದ್ದಕ್ಕೆ ಅರ್ಧ. ಇನ್ನರ್ಧ ಬೇರೆಯದಕ್ಕೆ. ನಾನು ಹೊಲಿದ ಬಟ್ಟೆ ನಾನು ನೋಡದ ಊರುಗಳ ಮಳೆ ನೋಡುತ್ತದೆ, ಬಿಸಿಲು ನೋಡುತ್ತದೆ, ನಾನು ಶಟರ್ ಎಳೆದು ಮನೆಗೆ ಹೋಗುತ್ತೇನೆ ಎಂದು ಅನ್ನಿಸಿತು. ದುರ್ಗಕ್ಕ ನನ್ನ ಮುಖ ನೋಡಿದರು. ‘ಜೂನಲ್ಲಿ ನಿನ್ಗೆ ಅಂಗಡೀಲಿ ಎಂತ ಕೆಲಸ? ಬೋಟೆಲ್ಲ ಮಲಗೇ ಇರ್ತವೆ. ಒಲೆ ಖಾನೆಯ ಬೆಂಚು ಬಿಚ್ಚಿದ್ರೆ ಮಂಚ ಆತದೆ. ಬಾ ನಮ್ಮ ಸಂಗ್ತಿಗೆ’ ಎಂದರು. ನಾಗಣ್ಣ, ‘ನಾ ಬೆಂಡಿನ ಸರ ಎಳೂದು ಮರ್ತೇ ಮರೀತೆ, ಹೊಲ್ದವಳೇ ಇದ್ರೆ ಒಳ್ಳೇದಾತು’ ಎಂದರು. ನಾನು ನಕ್ಕು, ಮಾತು ಬೇರೆ ಕಡೆ ತಿರುಗಿಸಿದೆ. ಮನೆಗೆ ಬಂದು ಎಂದಿನಂತೆ ಮೀನು ಹೆಚ್ಚಲು ಕೂತೆ.

ಆಯಿಯ ವಿಷಯ ಹೇಳದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ಅವರಿಗೆ ಆ ಖಾನೆಯ ಹುಚ್ಚೇ ಹಿಡಿದಿದೆ. ಪರೀಕ್ಷೆಯ ನೆಪದಲ್ಲಿ ಅದರೊಳಗೆ ಕೂತು ಒಳಗೆ ಹೊರಗೆ ಹೋಗಿ ಬರುತ್ತಾರೆ, ನಾಗಣ್ಣ ಸಾಕು ಎಂದರೆ ‘ಮತ್ತೊಂದ್ಸಲ ಮಾಡು, ಸದ್ದು ಎಲ್ಲಿಂದ ಬತ್ತದೆ ನೋಡ್ವ’ ಎನ್ನುತ್ತಾರೆ. ಅಂಕೋಲೆ ಪೇಟೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದ ಕಾಲದಿಂದ ಅವರು ನಡೆದ ದಾರಿಯನ್ನೆಲ್ಲ ಉದ್ದ ಎಳೆದರೆ ವಿಜಯಪುರ ದಾಟಿ ಹೋಗುತ್ತಿತ್ತು, ಆದರೆ ಎಲ್ಲವೂ ಮನೆಯಿಂದ ಪೇಟೆ, ಪೇಟೆಯಿಂದ ಮನೆ. ನಿನ್ನೆ ಬೆಂಚಿನ ಮೇಲೆ ಕೂತು ಕಿಟಕಿಯ ಪರದೆ ಸರಿಸಿ, ‘ಪ್ರಗತೀ, ಮೇಲ್ಸೀಮೆಯವ್ರು ಮಳೆ ಬಾರ್ದಿದ್ರೆ ಎಂತಾ ಮಾತಾಡ್ತಾರೇ?’ ಎಂದು ಕೇಳಿದರು. ನಾವು ವರ್ಷದ ಅರ್ಧ ಮಾತು ಮಳೆಯದೇ ಆಡುತ್ತೇವಲ್ಲ, ಅದಿಲ್ಲದವರು ಏನು ಮಾತಾಡುತ್ತಾರೆ? ನಾನು ಆ ಪ್ರಶ್ನೆಯನ್ನು ನಿಮಗೆ ಕಳಿಸೋಣ ಎಂದುಕೊಂಡೆ. ಆಮೇಲೆ ನೀವು ಏನು ಹೇಳುತ್ತೀರೆಂದು ನೆನಪಾಗಿ ಬಿಟ್ಟೆ.

ಮನೆಯ ಕೆಲಸಗಳ ಬಗ್ಗೆ ಚಿಂತೆ ಬೇಡ. ಪಡುವಣ ಜಗಲಿಗೆ ತಟ್ಟಿ ಕಟ್ಟಿ ಆಗಿದೆ. ಬಾವಿಕಟ್ಟೆಯ ಪಾಚಿ ಕೆರೆದಿದ್ದೇನೆ. ಬೋಟಿನ ಹೊದಿಕೆಗಳನ್ನೆಲ್ಲ ಕೊಟ್ಟು ಮುಗಿಸಿದೆ, ಮೆಷಿನಿಗೆ ಎಣ್ಣೆ ಹಾಕಿ ಪ್ಲಾಸ್ಟಿಕ್ ಹೊದಿಸಿದೆ. ನೀವು ಕೆಲಸದಲ್ಲಿ ಜಾಗ್ರತೆ, ಒದ್ದೆಯಾದ ಹಗ್ಗದ ಹತ್ತಿರ ಕಾಲಿಡುವಾಗ ನೋಡಿ ಇಡಿ. ಮೂರು ಹೊತ್ತೂ ಊಟ ಮಾಡಿ. ದುರ್ಗಕ್ಕ ನಿಮ್ಮನ್ನು ನೋಡಿಲ್ಲವಾದರೂ ನಮಸ್ಕಾರ ಹೇಳಿದ್ದಾರೆ. ಆಯಿಯ ಆಶೀರ್ವಾದಗಳು. ಸಿಟ್ಟಿದ್ದರೂ ಇಲ್ಲದಿದ್ದರೂ ನಿಮ್ಮ ನೆನಪು ದಿನವೂ ಬರುತ್ತದೆ, ಅದನ್ನು ಫೋನಿನಲ್ಲಿ ಹೇಳಲು ನಾಚಿಕೆ, ಇಲ್ಲಿ ಬರೆದಿದ್ದೇನೆ.

ಇಂತಿ ನಿಮ್ಮ,
ಪ್ರಗತಿ

ತಾ.ಕ.: ಕಿಶೋರ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ, ಅಕ್ಷರ ನೋಡಬೇಡಿ. ಶುಕ್ರವಾರ ಬೆಳಿಗ್ಗೆ ಬಸ್ಸು ಹೊರಡುತ್ತದೆ, ನಾನೂ ಹೋಗುತ್ತಿದ್ದೇನೆ. ನೀವು ಇದನ್ನು ಓದುವಾಗ ಅರಬೈಲು ಘಟ್ಟ ಹತ್ತಿ ಆಗಿರುತ್ತದೆ. ಅಪ್ಪಣೆ ಕೇಳಲು ಬರೆದದ್ದಲ್ಲ, ತಿಳಿಸಲು ಬರೆದದ್ದು. ಹೊದಿಕೆ ನೋಡಿಕೊಳ್ಳಲು ಎಂದು ಸುಳ್ಳು ಹೇಳಬಹುದಿತ್ತು. ಬೆಂಡಿನ ಸರ ಎಳೆಯಲು ದುರ್ಗಕ್ಕನೂ ಕಲಿತಿದ್ದಾರೆ. ನನಗೆ ನೋಡಬೇಕು ಅನ್ನಿಸಿದೆ, ಅದಕ್ಕೇ ಹೋಗುತ್ತಿದ್ದೇನೆ. ಆಯಿಯನ್ನು ಬಿಟ್ಟು ಹೇಗೆ ಹೋಗಲಿ, ಹೇಗೆ ಹೇಳಲಿ ಎಂದು ಹೆದರುತ್ತ ಒಳಗೆ ಹೋದರೆ ಅವರು ಆಗಲೇ ಸೀರೆಗಳನ್ನು ಚೀಲಕ್ಕೆ ತುಂಬಿ, ಮೇಲೆ ಒಣಮೀನಿನ ಪೊಟ್ಟಣ ಇಡುತ್ತಿದ್ದರು. ‘ಕಿಟಕಿ ಬದಿ ನಂದು, ಈಗ್ಲೇ ಹೇಳಿಟ್ಟೆ’ ಎಂದರು. ದಾರಿಯಲ್ಲಿ ದೀಕ್ಷಾಳನ್ನು ನೋಡುತ್ತೇವೆ. ಫೋನು ಸಿಗದಿದ್ದರೆ ಗಾಬರಿಯಾಗಬೇಡಿ. ಆಗಸ್ಟಿನಲ್ಲಿ ನೂಲಹುಣ್ಣಿಮೆಯ ಹೊತ್ತಿಗೆ ಬರುವುದು, ಇಂಥದೇ ದಿನ ಎಂದು ಹೇಳಲಾರೆ. ನೀವು ಮೊದಲೇ ಬಂದರೆ ಕೀಲಿ ಪಕ್ಕದ ಮನೆಯ ಹೀರಾ ಹತ್ತಿರ ಇದೆ, ಅಕ್ಕಿ ದೊಡ್ಡ ಡಬ್ಬದಲ್ಲಿ, ಬೇಳೆ ಅದರ ಹಿಂದೆ. ಊಟ ಮಾಡಿ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಾ ಇರಿ. ನಮ್ಮ ಬಸ್ಸಿನ ಬಣ್ಣ ನೀಲಿ.